ವಿಭೂತಿ ಹಚ್ಚಿಸಿಕೊಂಡ ಪುಲ್ಲಿಗಳು

ಖಾನಾಪುರದ ನಮ್ಮ ಮನೆಯ ಹಿತ್ತಲಲ್ಲಿ ಒಂದು ಶೆಡ್ಡಿದೆ. ಅಪ್ಪ ಅದಕ್ಕೆ ವರ್ಕಶಾಪ್ ಅನ್ನುತ್ತಾನೆ. ಅವ್ವ ಏನನ್ನುತ್ತಾಳೆ ಎಂಬುದನ್ನು ಅಚ್ಚಿನಲ್ಲಿ ಹಾಕಿದರೆ ಚಲೋ ಕಾಣುವುದಿಲ್ಲ.

ಅಪ್ಪ ಗಿರಣಿ ಫಿಟ್ಟರ್. ನಲವತ್ತು ವರ್ಷ ಈ ತಾಲೂಕಿನ ಯಾವ ಊರಲ್ಲಿ ಹಿಟ್ಟಿನ ಗಿರಣಿ ನಿಂತರೂ, ಅಕ್ಕಿ ಗಿರಣಿ ಕೆಮ್ಮಿದರೂ, ಸೈಕಲ್ಲಿಗೆ ನಟ್ಟು ತಿರುವುವ ಪಾನಾದ ಚೀಲ ಕಟ್ಟಿಕೊಂಡು ಹೋದವನು. ಹೊಸ ಭಾಗ ಕೂಡಿಸಿ ಬರುವಾಗ ಹಳೆಯದನ್ನು ಅಲ್ಲೇ ಬಿಟ್ಟು ಬಂದ ದಿನ ಒಂದೂ ಇಲ್ಲ. "ಸವದೈತಿ ಅಷ್ಟ, ಸತ್ತಿಲ್ಲ" ಅನ್ನುವುದು ಅವನ ಮಾತು. ಹೀಗೆ ಬಂದ ಹಲ್ಲು ಮುರಿದ ಗೇರು, ಬಿರುಕು ಬಿಟ್ಟ ಪುಲ್ಲಿ, ಪುಲ್ಲಿ ತಿರುಗಿಸುವ ಹರಿದ ಪಟ್ಟಾ, ತೂತು ಬಿದ್ದ ಜರಡಿ, ಬೀಸಿ ಬೀಸಿ ತೆಳ್ಳಗಾದ ಕಲ್ಲು ಎಲ್ಲ ತುಂಬಿ, ಶೆಡ್ಡಿನೊಳಗೆ ಮನುಷ್ಯ ಅಡ್ಡ ತಿರುಗಿ ಮಾತ್ರ ಹೋಗಬಹುದಾದಷ್ಟು ದಾರಿ ಉಳಿದಿತ್ತು. ಎರಡು ವರ್ಷದ ಹಿಂದೆ ಮೊಣಕಾಲು ಹಿಡಿದು ಅಪ್ಪ ಕೆಲಸ ಬಿಟ್ಟ. ಸಾಮಾನು ಬಿಡಲಿಲ್ಲ.

ಅವ್ವನಿಗೆ ಆ ಜಾಗ ಬೇಕಾಗಿತ್ತು. ಅವಳು ಬೈಲಹೊಂಗಲ ಕಡೆಯವಳು. ಅನ್ನ ಉಣ್ಣುವ ಊರಿಗೆ ಸೊಸೆಯಾಗಿ ಬಂದರೂ ಜೋಳದ ರೊಟ್ಟಿ ಬಿಡಲಿಲ್ಲ. ಬರಬರುತ್ತ ಓಣಿಯ ನಾಲ್ಕು ಹೆಂಗಸರನ್ನು ಕೂಡಿಸಿಕೊಂಡು ಹಿತ್ತಲ ಒಲೆಯ ಮೇಲೆ ಖಡಕ್ ರೊಟ್ಟಿ ಮಾಡಿ ಕೊಡತೊಡಗಿದಳು. ನಾನಿರುವುದು ಬೆಳಗಾವಿಯ ಟಿಳಕವಾಡಿಯಲ್ಲಿ. ನಮ್ಮ ಓಣಿಯಲ್ಲೊಂದು ಖಾನಾವಳಿ ಇದೆ. ಅದನ್ನು ನಡೆಸುವ ಹೆಂಗಸಿಗೆ ಎಲ್ಲರೂ ಬಾಯಿ ಅನ್ನುತ್ತಾರೆ; ಆ ಬಾಯಿಯವರಿಗೆ ಒಮ್ಮೆ ಅವ್ವನ ರೊಟ್ಟಿ ರುಚಿ ತೋರಿಸಿದೆ. ಅವರು ಒಂದು ರೊಟ್ಟಿ ಮುರಿದು ತಿಂದರು, ಇನ್ನೊಂದನ್ನು ಕೇಳಿ ತಿಂದರು, ದಿನಾ ತೆಗೆದುಕೊಳ್ಳಲು ತಯಾರೆಂದರು. ಷರತ್ತು ಒಂದೇ: ಮಾಡುವ ಜಾಗವನ್ನು ಕಣ್ಣಾರೆ ನೋಡಬೇಕು. ಭಾನುವಾರ ಸಂಜೆ ನಾಲ್ಕಕ್ಕೆ ಬರುತ್ತೇನೆಂದರು.

ಅವ್ವ ಫೋನಿನಲ್ಲಿ ಹೇಳಿದಳು: "ಹಿತ್ತಲದಾಗ ಕೋಳಿ ಅಡ್ಡಾಡತಾವು. ಕೋಳಿ ನೋಡಿದ್ರ ಅವರು ಹೊಳ್ಳಿ ಹೋಗತಾರ. ಶೆಡ್ಡು ಖಾಲಿ ಆದ್ರ ಮೂರು ಒಲಿ ಹೂಡಬಹುದು. ನನ್ನ ಮಾತ ನಿಮ್ಮಪ್ಪ ಇವತ್ತಿನ ತನಕ ಕೇಳಿಲ್ಲ. ನೀ ಕಲ್ತಾಕಿ. ಬಂದ ನೋಡು."

ಕಲಿತವಳು ಎಂದರೆ ನನಗೆ ಸ್ವಲ್ಪ ಏರುತ್ತದೆ. ನಮ್ಮ ಮನೆತನದ ಮೊದಲ ಪದವೀಧರೆ ನಾನು. ಯಾರೂ ಕೇಳದಿದ್ದರೂ ಇದನ್ನು ಹೇಳುತ್ತೇನೆ. ಮೂರು ವರ್ಷದ ಬಿ.ಎ.ಯನ್ನು ಆರು ವರ್ಷದಲ್ಲಿ ಮುಗಿಸಿದೆ. ಎರಡು ವರ್ಷ ಹೊಲಿಗೆ ಮಷೀನಿನ ಮುಂದೆ ಹೋದವು, ಇಂಗ್ಲಿಷ್ ಪೇಪರು ಒಂದೇ ಮೂರು ಸಲ ಕೆಡವಿತು. ನಾಲ್ಕನೇ ಸಲ ನಾನು ಅದನ್ನು ಕೆಡವಿದೆ. ಈಗ ಒಂದು ಸರ್ಕಾರಿ ಆಫೀಸಿನಲ್ಲಿ ಹಳೆಯ ದಫ್ತರದ ಕೋಣೆ ನೋಡಿಕೊಳ್ಳುತ್ತೇನೆ. ಯಾವ ಫೈಲು ಕಾಯಂ ಇರಬೇಕು, ಯಾವುದು ಹತ್ತು ವರ್ಷ, ಯಾವುದು ವರ್ಷ ತುಂಬುತ್ತಲೇ ನಾಶವಾಗಬೇಕು ಎಂದು ಅಕ್ಷರ ಬರೆದು ಬೇರೆ ಮಾಡುವುದೇ ನನ್ನ ಕೆಲಸ. ಗೆದ್ದಲು ಹಿಡಿದ ಮೂರು ಕೋಣೆ ಖಾಲಿ ಮಾಡಿದವಳು, ಒಂದು ಶೆಡ್ಡು ಯಾವ ಲೆಕ್ಕ ಅಂದುಕೊಂಡೆ.

ಎರಡನೇ ಶನಿವಾರದ ರಜೆ. ಬೆಳಗಿನ ರೈಲು ಹತ್ತಿದೆ. ದೇಸೂರ ದಾಟುವಷ್ಟರಲ್ಲಿ ನಿಯಮಗಳನ್ನು ಬರೆದು ಮುಗಿಸಿದ್ದೆ. ಮನೆ ಮುಟ್ಟಿದವಳೇ ಚಪ್ಪಲಿ ಬಿಡುವ ಮೊದಲೇ ಸೀದಾ ಹಿತ್ತಲಿಗೆ ಹೋಗಿ ಶೆಡ್ಡಿನ ತಗಡಿನ ಬಾಗಿಲ ಮೇಲೆ ಸೀಮೆಸುಣ್ಣದಿಂದ ಬರೆದೆ:

ಎ — ಖಂಡೇಪೂಜೆ ಆದ ಸಾಮಾನು. ಕಾಯಂ.
ಬಿ — ಈ ವರ್ಷ ಒಮ್ಮೆಯಾದರೂ ಕೈಗೆ ಬಂದದ್ದು. ವಿಚಾರ ಮಾಡುವುದು.
ಸಿ — ಉಳಿದದ್ದೆಲ್ಲ. ಗುಜರಿ.

ಮೊದಲನೆಯ ನಿಯಮದಲ್ಲಿ ನನ್ನ ಚಾಣಾಕ್ಷತನವಿತ್ತು. ಖಂಡೇಪೂಜೆ, ಅಂದರೆ ದಸರೆಯ ಆಯುಧಪೂಜೆಯ ದಿನ ಅಪ್ಪ ಪಾನಾದ ಚೀಲ, ಸುತ್ತಿಗೆ, ಚಾಣ ಹೀಗೆ ಏಳೆಂಟು ಸಾಮಾನು ತೊಳೆದು, ಸಾಲಾಗಿ ಇಟ್ಟು, ವಿಭೂತಿ ಕುಂಕುಮ ಹಚ್ಚುತ್ತಾನೆ. ಅವು ಹೇಗೂ ಮನೆಯಲ್ಲಿರುವಂಥವೇ. ಅಷ್ಟನ್ನು ಕಾಯಂ ಮಾಡಿಬಿಟ್ಟರೆ ಅಪ್ಪನಿಗೂ ಮಾನ, ಶೆಡ್ಡೂ ಖಾಲಿ.

ಅಪ್ಪ ಮೂರನೇತ್ತಾ ತನಕ ಕಲಿತವನು. ಬಾಗಿಲ ಮುಂದೆ ನಿಂತು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದ.

"ಪೂಜಿ ಆದದ್ದು ಕಾಯಂ?"

"ಕಾಯಂ."

"ಬರೋಬ್ಬರಿ ಬರದಿ. ಸಹಿ ಮಾಡಲೇನು?"

"ಸಹಿ ಯಾಕ ಅಪ್ಪಾ? ನಾವ ನಾವ."

"ಇರಲಿ ಬಿಡು. ಆಮ್ಯಾಲೆ ಯಾರರ ಅಲ್ಲ ಅಂದಾರು," ಎಂದು ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ಮೊದಲ ನಿಯಮದ ಕೆಳಗೆ ಮಾತ್ರ ಸಹಿ ಮಾಡಿದ.

ಆಫೀಸಿನಲ್ಲಿ ಯಾವನಾದರೂ ಕಂತ್ರಾಟದಾರ ಇಷ್ಟು ಸಲೀಸಾಗಿ ಸಹಿ ಮಾಡಿದ್ದರೆ ನಾನು ಆ ಕಾಗದವನ್ನು ಇನ್ನೊಮ್ಮೆ ಓದುತ್ತಿದ್ದೆ. ಅಪ್ಪನೆಂದು ಓದಲಿಲ್ಲ.

ಕೆಲಸ ಶುರುವಾಯಿತು. ನಾನು ಒಂದೊಂದನ್ನೇ ಎತ್ತಿ ಕೇಳುವುದು, ಅಪ್ಪ ಮುರುಕು ಸ್ಟೂಲಿನ ಮೇಲೆ ಕುಳಿತು ಚಹಾ ಕುಡಿಯುತ್ತ ಹೇಳುವುದು.

"ಇದು?"

"ನಂದಗಡದ ಗಿರಣಿ ಗೇರು. ಅವರ ಮಗಳ ಮದವಿ ಹಿಂದಿನ ದಿನ ಮುರೀತು."

"ಈಗ ಏನ ಮಾಡತೈತಿ?"

"ಈಗ ವಿಶ್ರಾಂತಿ ತೊಗೊಳ್ಳಾಕತ್ತೈತಿ."

"ಎಷ್ಟ ವರ್ಷದಿಂದ?"

"ಆ ಮಗಳಿಗೆ ಈಗ ಮೊಮ್ಮಕ್ಕಳ ಅದಾವು."

ಸಿ.

"ಇದು?"

"ಜಾಂಬೋಟಿದು."

"ಇದರ ಇನ್ನರ್ಧ ಎಲ್ಲೈತಿ?"

"ಇನ್ನರ್ಧ ಜಾಂಬೋಟ್ಯಾಗ ಐತಿ. ಅವರೂ ಹೊರಗ ಒಗದಿರಂಗಿಲ್ಲ."

ಸಿ. ಮಧ್ಯಾಹ್ನದ ಹೊತ್ತಿಗೆ ಸಿ ಬರೆದು ಬರೆದು ಸೀಮೆಸುಣ್ಣ ಸವೆದು ಉಗುರು ಕಬ್ಬಿಣಕ್ಕೆ ತಾಗತೊಡಗಿತು. ಅಪ್ಪ ಒಂದಕ್ಕೂ ತಕರಾರು ಮಾಡಲಿಲ್ಲ. ಪ್ರತಿ ಸಲ "ನಿಮ್ಮ ನಿಯಮದಾಗ ಹೆಂಗ ಬರತೈತೋ ಹಂಗ ಬರಕೋರಿ ಮೇಡಮ್" ಅನ್ನುತ್ತಿದ್ದ.

ಕೊನೆಗೆ ಗೋಡೆ ಉಳಿಯಿತು. ಪುಲ್ಲಿಗಳನ್ನು ಕೆಳಗಿಳಿಸಿದ ಮೇಲೆ ಅವುಗಳ ಹಿಂದೆ ಒಂದು ಫ್ರೇಮು ಕಂಡಿತು. ಹಳೆಯ ಜರಡಿಯ ಕಟ್ಟಿಗೆ ಕೊರೆದು ಅಪ್ಪನೇ ಮಾಡಿದ್ದು. ಒಳಗೆ ನನ್ನ ಡಿಗ್ರಿ ಸರ್ಟಿಫಿಕೇಟಿನ ಝೆರಾಕ್ಸು. ಗಾಜಿನ ಮೇಲೆ ನನ್ನ ಹೆಸರಿದ್ದ ಜಾಗದಲ್ಲಿ ಗ್ರೀಸಿನ ಬೆರಳು ಮೂಡಿತ್ತು. ಒಂದಲ್ಲ, ಒಂದರ ಮೇಲೊಂದು ಹತ್ತಾರು. ಪಟ್ಟಾ ಹೊಲಿಸಲು ಬಂದವರಿಗೆ, ಬೇರಿಂಗು ಕೇಳಲು ಬಂದವರಿಗೆ, ಎಲ್ಲರಿಗೂ ಬೆರಳಿಟ್ಟು ತೋರಿಸಿದ್ದಾನೆ.

ನನ್ನ ಕೈ ನಿಂತಿತು. ಆದರೆ ನಾನು ನಿಯಮದ ಹೆಂಗಸು. ಅಸಲು ಪ್ರತಿ ನನ್ನ ಟ್ರಂಕಿನಲ್ಲಿದೆ. ಅಸಲು ಇರುವಾಗ ನಕಲು ಇಡುವಂತಿಲ್ಲ, ನಮ್ಮ ಆಫೀಸಿನಲ್ಲಿ ಅದೇ ಮೊದಲು ಹೋಗುವುದು. ನನ್ನ ಸಾಮಾನಿಗೇ ಸಡಿಲು ಬಿಟ್ಟರೆ ಅವನಿಗೆ ಯಾವ ಬಾಯಿಂದ ಹೇಳಲಿ? ಗಾಜಿನ ಮೂಲೆಯಲ್ಲಿ ಸಿ ಬರೆದೆ.

ಅಪ್ಪ ಫ್ರೇಮು ನೋಡಿದ. ನನ್ನನ್ನು ನೋಡಿದ.

"ಇದು ಯಾ ಊರಂದು ಅಂತ ಕೇಳಲೇ ಇಲ್ಲ ನೀ," ಎಂದು ಚಹಾದ ಕಪ್ಪು ತೆಗೆದುಕೊಂಡು ಎದ್ದು ಹೋದ.

ಮರುದಿನ ಎಂಟು ಗಂಟೆಗೆ ಬೆಳಗಾವಿಯ ಖಾಸಬಾಗದಿಂದ ನಾನು ಹೇಳಿಟ್ಟಿದ್ದ ಗುಜರಿಯವ ಟೆಂಪೋ ತಂದ. ಅವನಿಗೆ ಅಪ್ಪ ಹಳೆಯ ಪರಿಚಯ. ನಾನು ಠೀವಿಯಿಂದ ಮುಂದೆ ಹೋಗಿ ಶೆಡ್ಡಿನ ಬಾಗಿಲು ಎಳೆದೆ. ಊದಿನಕಡ್ಡಿಯ ಹೊಗೆ ಮುಖಕ್ಕೆ ಬಂತು.

ನಾನು ಸಿ ಬರೆದ ಪ್ರತಿಯೊಂದು ಸಾಮಾನಿಗೆ ಮೂರು ಬೆರಳಿನ ವಿಭೂತಿ ಪಟ್ಟೆ, ನಡುವೆ ಕುಂಕುಮ. ಗೇರಿಗೆ, ಪುಲ್ಲಿಗೆ, ಸವೆದ ಕಲ್ಲಿಗೆ, ಸುರುಳಿ ಸುತ್ತಿಟ್ಟ ಹರಿದ ಪಟ್ಟಾಗಳಿಗೆ ಒಂದೊಂದಕ್ಕೂ. ತಲೆಗೊಂದು ದಾಸವಾಳ, ಹೂ ತೀರಿದ ಮೇಲೆ ಕರಿಬೇವಿನ ಎಸಳು. ಬೇರಿಂಗಿನ ತೂತುಗಳಲ್ಲಿ ಊದಿನಕಡ್ಡಿ ನೆಟ್ಟಗೆ ನಿಂತಿದ್ದವು. ಅಪ್ಪ ಕೆಲಸವನ್ನು ಎಂದೂ ಅರ್ಧ ಮಾಡಿದವನಲ್ಲ. ಗೋಡೆಯ ಮೇಲಿನ ನನ್ನ ಫ್ರೇಮಿಗಂತೂ ಎಲ್ಲಕ್ಕಿಂತ ದಪ್ಪ ಪಟ್ಟೆ ಬಿದ್ದಿತ್ತು. ನಡುವೆ ಸ್ನಾನ ಮಾಡಿ ಮಡಿ ಧೋತರ ಉಟ್ಟು ಅಪ್ಪ ಕುಳಿತಿದ್ದ.

"ಏನಿದು ಅಪ್ಪಾ?"

"ಎ ವರ್ಗ."

"ಖಂಡೇಪೂಜಿಗೆ ಇನ್ನೂ ನಾಕ ತಿಂಗಳ ಐತಿ."

"ಯಾ ತಿಂಗಳದಾಗ ಅಂತ ನೀ ಬರದಿಲ್ಲ. ಈ ವರ್ಷದ್ದು ಮುಂಗಡ ಮಾಡೇನಿ."

"ಇದು ಮೋಸ."

"ಮೋಸ ಹೆಂಗಾತು? ನೀ ಬರದಿ, ನಾ ಓದಿನಿ. ಮೂರನೇತ್ತಾ ಆದ್ರೂ ಓದಾಕ ಬರತೈತಿ. ಕೆಳಗ ಸಹಿ ಐತಿ ನೋಡು."

ಗುಜರಿಯವನ ಕಡೆ ತಿರುಗಿದೆ. ಅವನು ಆಗಲೇ ಚಪ್ಪಲಿ ಬಿಟ್ಟು ಎರಡೂ ಕೈ ಮುಗಿದಿದ್ದ.

"ಅಕ್ಕಾರ, ನನ್ನ ಮಾಫ್ ಮಾಡ್ರಿ. ಪೂಜಾ ಆದ ಸಾಮಾನ ನಾ ಮುಟ್ಟಂಗಿಲ್ಲ. ಹ್ವಾದ ವರ್ಷ ಒಬ್ಬರ ಅಂಗಡ್ಯಾಗಿಂದು ಕುಂಕುಮ ಹಚ್ಚಿದ ತಕ್ಕಡಿ ಒಯ್ದೆ. ದೇಸೂರ ಹತ್ರ ಹಿಂದಿನ ಎರಡೂ ಟಾಯರ ಒಮ್ಮೆಲೆ ಕುಂತವು."

"ಟಾಯರ ಹಳೇವು ಇರಬೇಕು."

"ಹಳೇವ ಇದ್ದವು, ಖರೇ. ಆದ್ರ ಒಮ್ಮೆಲೆ ಯಾಕ ಕುಂದರಬೇಕ್ರಿ?"

ಅವನು ಅಪ್ಪನಿಗೆ ಮರಾಠಿಯಲ್ಲಿ "ಯೇತೋ ಕಾಕಾ", ಬರುತ್ತೇನೆ, ಎಂದು ಹೇಳಿ, ವಿಭೂತಿ ಹಚ್ಚಲು ಅಪ್ಪ ಮರೆತಿದ್ದ ಒಡಕು ಪ್ಲಾಸ್ಟಿಕ್ ಬಕೀಟು ಒಂದನ್ನು ಮಾತ್ರ ಎತ್ತಿಕೊಂಡು ಹೋದ. ಅಷ್ಟು ದೊಡ್ಡ ಟೆಂಪೋದಲ್ಲಿ ಆ ಬಕೀಟು ರಸ್ತೆಯ ತಿರುವಿನವರೆಗೂ ಉರುಳಾಡಿದ ಸಪ್ಪಳ ಕೇಳುತ್ತಿತ್ತು.

ಗಂಟೆ ಒಂಬತ್ತಾಯಿತು. ನಾಲ್ಕಕ್ಕೆ ಖಾನಾವಳಿಯ ಬಾಯಿಯವರು ಬರುವವರು. ನಾನು ಕಟ್ಟೆಯ ಮೇಲೆ ಕುಳಿತು ತಿದ್ದುಪಡಿ ಯೋಚಿಸತೊಡಗಿದೆ. ಪೂಜೆ ಅಂದರೆ ಪಂಚಾಂಗದಲ್ಲಿ ಹೇಳಿದ ದಿನ ಆದದ್ದು ಎಂದು ಒಂದು ವಿವರಣೆ ಸೇರಿಸಿದರೆ? ಅದಕ್ಕೆ ಅಪ್ಪ ಸಹಿ ಮಾಡಬೇಕಲ್ಲ. ಆರು ವರ್ಷ ಓದಿ ಪಡೆದ ಪದವಿ ಮೂರನೇತ್ತಾದ ಮುಂದೆ ಮಣ್ಣು ಮುಕ್ಕಿ ಕುಳಿತಿತ್ತು.

ಅವ್ವ ಶನಿವಾರದಿಂದ ಒಂದು ಮಾತೂ ಆಡಿರಲಿಲ್ಲ. ಈಗ ಅಡುಗೆಮನೆಯಿಂದ ಹೊರಗೆ ಬಂದಳು.

"ಮುಗೀತೇನು ನಿಮ್ಮಿಬ್ಬರ ಆಫೀಸು?"

ಅವಳು ಒಳಗೆ ಹೋಗಿ ದೊಡ್ಡ ಪರಾತದ ತುಂಬ ಜೋಳದ ಹಿಟ್ಟು ಹೊತ್ತು ತಂದಳು. ಸೀದಾ ಶೆಡ್ಡಿಗೆ ನಡೆದಳು. ಪುಲ್ಲಿಗಳ ನಡುವೆ ಉಳಿದಿದ್ದ ಒಂದು ಮೊಳ ನೆಲದ ಮೇಲೆ ಪರಾತ ಇಟ್ಟಳು. ಮುಚ್ಚಲಿಲ್ಲ. ಬಾಜುವಿಗೆ ರೊಟ್ಟಿ ಬಡಿಯುವ ಕೊಮಣಿಗಿ ಇಟ್ಟು, ಸೆರಗು ಸಿಕ್ಕಿಸಿ, ಕುಳಿತೇಬಿಟ್ಟಳು.

ಇಲ್ಲಿ ಅಪ್ಪನ ಒಂದು ಗುಣ ಹೇಳಬೇಕು. ನಾನು ಸಣ್ಣವಳಿದ್ದಾಗ ಬೀಡಿ ಎಂಬ ಊರಿನ ಒಂದು ಗಿರಣಿಗೆ ಅವನ ಸೈಕಲ್ಲಿನ ಮೇಲೆ ಹೋಗಿದ್ದೆ. ಬೇರಿಂಗು ಕೂಡಿಸಿದ ಮೇಲೆ ಗಿರಣಿಯವ ಗಡಿಬಿಡಿಯಲ್ಲಿ ಚಾಲೂ ಮಾಡಿದ. ಒಂದು ಹನಿ ಗ್ರೀಸು ಯಾರದೋ ಡಬ್ಬಿಯ ಹಿಟ್ಟಿನಲ್ಲಿ ಬಿತ್ತು. ಗಿರಣಿಯವ ಬೆರಳಿನಿಂದ ತೆಗೆದು ಎಸೆದು, ಯಾರಿಗೆ ತಿಳಿಯುತ್ತದೆ ಅಂದ. ಅಪ್ಪ ಇಂಜಿನ್ನು ನಿಲ್ಲಿಸಿದ. ಆ ಡಬ್ಬಿಯ ಹಿಟ್ಟು ಪೂರಾ ಎಮ್ಮೆಗೆ ಹಾಕಿಸಿ, ಗಿರಣಿಯವನ ಮನೆಯ ಜೋಳ ತರಿಸಿ, ಬೀಸಿ, ಡಬ್ಬಿ ತುಂಬುವ ತನಕ ಪಾನಾ ಕೈಯಿಂದ ಕೆಳಗಿಡಲಿಲ್ಲ. ಹಿಟ್ಟು ತೆರೆದಿದ್ದ ಕಡೆ ಅವನು ಎಣ್ಣೆಯ ಅರಿವೆಯನ್ನೂ ಝಾಡಿಸುತ್ತಿರಲಿಲ್ಲ. ಗಿರಣಿ ಬದಲಾದರೂ ಈ ಒಂದು ಮಾತು ಬದಲಾಗಲಿಲ್ಲ. ಅವ್ವ ಅವನೊಂದಿಗೆ ಇಷ್ಟು ವರ್ಷ ಸುಮ್ಮನೆ ಬಾಳಿಲ್ಲ.

ಅಪ್ಪ ಮೊದಲು ಕೆಮ್ಮಿದ.

"ಏ, ಆ ಪರಾತ ತಗಿ ಅಲ್ಲಿಂದ."

"ಯಾಕ್ರೀ?"

"ಮ್ಯಾಲ ಗೇರ ಐತಿ. ಗ್ರೀಸ ಐತಿ ಅದಕ."

"ಪೂಜಿ ಆಗೇತಲ್ಲ. ಇನ್ನೆಲ್ಲಿ ಗ್ರೀಸು?"

"ಪೂಜಿ ಮಾಡಿದ್ರ ಗ್ರೀಸ ಹೋಗತೈತೇನು?"

"ಹೋಗಂಗಿಲ್ಲೇನು? ಹಂಗಾರ ಪೂಜಿ ಆದದ್ದೂ ಹೊಲಸ ಇರತೈತಿ ಅಂತ ನೀವ ಅಂದಂಗಾತು."

ಅವ್ವ ಬಿಸಿನೀರಿನ ಚರಿಗೆಗೆ ಕೈ ಹಾಕಿದಳು.

"ನಾದಬ್ಯಾಡ. ತಡಿ."

"ನಾಕಕ್ಕ ಬರತಾರ ಅವರು. ತಡದ್ರ ಹೆಂಗ? ನೀವ ಪೂಜಿ ಮಾಡ್ಕೋತ ಕುಂದರ್ರಿ, ನಾ ರೊಟ್ಟಿ ಮಾಡ್ಕೋತ ಕುಂದರತೀನಿ. ಜಾಗಾ ಇಬ್ಬರಿಗೂ ಐತಿ."

ಪರಾತದ ಮೇಲೆ ನೇರವಾಗಿ ತೂಗುತ್ತಿದ್ದದ್ದು ನಂದಗಡದ ಗೇರು. ವಿಭೂತಿಯ ಕೆಳಗೆ ಅದರ ಹಲ್ಲುಗಳಲ್ಲಿ ಮೂರು ತಲೆಮಾರಿನ ಗ್ರೀಸು ಹೊಳೆಯುತ್ತಿತ್ತು. ಅಪ್ಪ ಅದನ್ನು ನೋಡಿದ, ಹಿಟ್ಟನ್ನು ನೋಡಿದ. ಅವ್ವ ನೀರು ಹಾಕಿದಳು. ಅಪ್ಪನಿಂದ ತಡೆಯಲಾಗಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದ, ಗೇರಿಗೆ ಕೈ ಮುಗಿದ, "ಸಿಟ್ಟಾಗಬ್ಯಾಡಪಾ" ಎಂದು ಅದನ್ನು ಕೊಕ್ಕೆಯಿಂದ ಇಳಿಸಿ ನನ್ನ ಕೈಗೆ ಕೊಟ್ಟ.

"ಹೊರಗ ಇಡು. ಸಾವಕಾಶ."

ಅವ್ವ ತಲೆ ಎತ್ತಲಿಲ್ಲ. ಪರಾತವನ್ನು ಒಂದು ಗೇಣು ಎಡಕ್ಕೆ ಸರಿಸಿದಳು. ಅಲ್ಲಿ ಮೂರು ಪುಲ್ಲಿಗಳಿದ್ದವು.

ಮಧ್ಯಾಹ್ನದವರೆಗೆ ಹೀಗೇ ನಡೆಯಿತು. ಪರಾತ ಸರಿದ ಕಡೆಯೆಲ್ಲ ಅಪ್ಪ ಸರಿದ. ಯಾವುದೂ ತಾನು ಮುಟ್ಟದೆ ಹೊರಗೆ ಹೋಗಕೂಡದು ಎಂದ. ಮೊಣಕಾಲು ಕೇಳದಾದಾಗ ಅವನು ಮುಟ್ಟಿ ಹೇಳುವುದು, ನಾನು ಹೊರುವುದು ಎಂದಾಯಿತು. "ಜಾಂಬೋಟಿ ಅಡ್ಡ ಹಿಡಿ." "ಲೋಂಡಾ ಭಾರ ಐತಿ, ಸೊಂಟ ನೋಡ್ಕೊ." ಇಡೀ ತಾಲೂಕನ್ನು ನಾನು ಹಲಸಿನ ಗಿಡದ ಬುಡಕ್ಕೆ ಹೊತ್ತು ಹಾಕಿದೆ. ಓಣಿಯ ನಾಲ್ಕೂ ಹೆಂಗಸರು ಬಂದು ಹಿತ್ತಲ ಕೋಳಿಗಳನ್ನು ಅಟ್ಟಿದರು, ನೆಲ ಉಜ್ಜಿದರು, ಗೋಡೆ ತೊಳೆದರು, ಬಾಗಿಲನ್ನೂ ತೊಳೆದರು. ನನ್ನ ಮೂರು ನಿಯಮ ಮತ್ತು ಅಪ್ಪನ ಸಹಿ ಬಿಳಿ ನೀರಾಗಿ ಮೋರಿಗೆ ಹರಿದವು. ಅವುಗಳನ್ನು ಯಾರೂ ನಿಂತು ನೋಡಲಿಲ್ಲ.

ಹೊರಗೆ ಬಂದ ಸಾಮಾನಿನ ಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಹದಿನೈದು ದಿನ ಅದು ಹಲಸಿನ ಗಿಡದ ಕೆಳಗೆ ತಾಡಪತ್ರಿ ಹೊದ್ದು ಕುಳಿತಿತ್ತು. ಆಮೇಲೆ ಅಪ್ಪನೇ ಗುಜರಿಯವನಿಗೆ ಫೋನು ಮಾಡಿದ. ಒಂದೊಂದಕ್ಕೂ ತಂಬಿಗೆಯಿಂದ ನೀರು ಹಾಕಿ, ವಿಭೂತಿ ತೊಳೆದು, ಗಣಪತಿ ಕಳಿಸಿದಂತೆ ಟೆಂಪೋದವರೆಗೆ ಹೋಗಿ ಕಳಿಸಿದ. ಒಂಬತ್ತು ಮಾತ್ರ ಉಳಿಸಿಕೊಂಡ. ಜಾಂಬೋಟಿಯ ಅರ್ಧ ಅದರಲ್ಲಿದೆ. ಇನ್ನರ್ಧದವರು ಎಂದಾದರೂ ಬರುತ್ತಾರೆಂದು ಅವನ ನಂಬಿಕೆ.

ಶೆಡ್ಡಿನಲ್ಲಿ ಕೊನೆಗೆ ಉಳಿದದ್ದು ಗೋಡೆಯ ಫ್ರೇಮು. ಅಪ್ಪ ಕೈ ತೊಳೆಯಲು ಹೋದಾಗ ನಾನು ಸ್ಟೂಲು ಹತ್ತಿ, ಓಢಣಿಯ ಚುಂಗಿನಿಂದ ಗಾಜಿನ ಮೂಲೆಯ ಸಿ ಅಕ್ಷರವನ್ನು ಒರೆಸಿದೆ. ತೆಗೆದು ಕೆಳಗಿಳಿಸಬೇಕೆನ್ನುವಾಗ ಹಿಂದಿನಿಂದ ಅವನ ದನಿ ಬಂತು.

"ಅದು ಗ್ವಾಡಿ ಮ್ಯಾಲ ಐತಿ. ಹಿಟ್ಟಿಗೆ ಹತ್ತಂಗಿಲ್ಲ."

"ಗಾಜಿನ ಮ್ಯಾಲ ಗ್ರೀಸ ಐತಿ ಅಪ್ಪಾ."

ಅವನು ಫ್ರೇಮು ಇಳಿಸಿಕೊಂಡು ಹೊರಗೆ ಒಯ್ದು, ಚಿಮಣಿ ಎಣ್ಣೆಯ ಅರಿವೆಯಿಂದ ತನ್ನ ಬೆರಳಿನ ಗುರುತುಗಳನ್ನೆಲ್ಲ ತಾನೇ ಉಜ್ಜಿ ತೆಗೆದ. ನನ್ನ ಹೆಸರು ಅಷ್ಟು ಸ್ವಚ್ಛವಾಗಿ ಕಂಡದ್ದು ಅದೇ ಮೊದಲು.

"ಯಾ ಊರಂದ ಇದು?" ನಾನು ಕೇಳಿದೆ.

"ಮೂರು ಸಲ ಬಿದ್ದು ಎದ್ದ ಊರಂದು," ಅಂದ. ಬೇರೆ ಕಡೆ ನೋಡುತ್ತಿದ್ದ. ನಾನು ಫ್ರೇಮನ್ನು ಮತ್ತೆ ಮೊಳೆಗೆ ಸಿಕ್ಕಿಸಿದೆ.

ಬಾಯಿಯವರು ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ಬಂದರು. ಹಾಗೆ ಮೊದಲೇ ಬಂದು ಹಿಡಿಯುವ ಜಾಯಮಾನ ಅವರದು. ಹಲಸಿನ ಗಿಡದ ಬುಡದಲ್ಲಿ ವಿಭೂತಿ ಹಚ್ಚಿಕೊಂಡು ಕುಳಿತ ಕಬ್ಬಿಣದ ರಾಶಿಯನ್ನು ಕಂಡು ನಿಂತರು. ಏನಿದು ಎಂದು ಕೇಳಿದರೆ ಹೇಳಲು ನಾನೊಂದು ಸುಳ್ಳು ಜೋಡಿಸತೊಡಗಿದೆ. ಅವರು ಸುಮ್ಮನೆ ಕೈ ಮುಗಿದು ಮುಂದೆ ಬಂದರು.

ಶೆಡ್ಡಿನಲ್ಲಿ, ಹಿತ್ತಲಿಂದ ಒಳಗೆ ತಂದ ಒಲೆ ಹೊತ್ತಿತ್ತು. ಅವ್ವ, ಆ ನಾಲ್ವರು, ಸಾಲಾಗಿ ಕೊಮಣಿಗಿಗಳು. ಬಾಯಿಯವರು ಬರೀ ಕಣ್ಣಿನಿಂದ ನೋಡಿ ಬಿಡಲಿಲ್ಲ. ಗೋಡೆಗೆ ಬೆರಳು ತಿಕ್ಕಿ ನೋಡಿದರು, ನೆಲಕ್ಕೆ ಅಂಗೈ ಇಟ್ಟರು, ಬಗ್ಗಿ ಒಲೆಯ ಹಿಂದಿನ ಮೂಲೆ ಮೂಸಿದರು. ಅವ್ವನ ಕೈ ಹಿಟ್ಟಿನಲ್ಲೇ ನಿಂತಿತ್ತು. ಅವಳು ಹಾಗೆ ಯಾರದೋ ಮಾತಿಗಾಗಿ ಕಾದದ್ದನ್ನು ನಾನು ಮೊದಲು ನೋಡಿರಲಿಲ್ಲ.

"ಬರೋಬರ್," ಅಂದರು ಬಾಯಿಯವರು. "ಬುಧವಾರದಿಂದ ಕಳಸ್ರಿ. ದಿನಾ."

ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಆದ್ರ ನನಗೊಂದು ಆಶ್ಚರ್ಯ," ಬಾಯಿಯವರು ಸೆರಗು ಸರಿಮಾಡಿಕೊಂಡರು. "ಇಂಥಾ ಹಳೇ ಶೆಡ್ಡಿನ್ಯಾಗ ಒಂದ ಹನಿ ಎಣ್ಣಿ ವಾಸ್ನಿ ಇಲ್ಲ. ಇಷ್ಟ ಸ್ವಚ್ಛ ಯಾರ ಇಟ್ಟಾರ?"

ಬಾಗಿಲಲ್ಲಿ ನಿಂತಿದ್ದ ಅಪ್ಪ ಗಂಟಲು ಸರಿಮಾಡಿಕೊಂಡ.

"ಹಿಟ್ಟಿನ ಕೆಲಸ ಅಂದಮ್ಯಾಲೆ ಹಿಂಗ ಇರಬೇಕ್ರಿ ಬಾಯಿ. ಮೊದಲಿಂದ ನಾ ಅದನ್ನ ಹೇಳಾಕತ್ತಿದ್ದೆ. ಇವರು ಕೇಳಬೇಕಲ್ಲ."

ಅವ್ವ ರೊಟ್ಟಿ ಬಡಿಯುವ ಸಪ್ಪಳ ಸ್ವಲ್ಪ ಜೋರಾಯಿತು.